ಹಳೆಯ ಮನೆಯೂ ವಿಮೆಯ ಪರೀಕ್ಷೆಯೂ

ಬೆಂಕಿ, ಗಾಳಿ, ನೀರು ಇವುಗಳಿಂದ ಮನೆಗೊದಗುವ ಹಾನಿಯನ್ನು ಹಣದಿಂದ ತುಂಬಿಕೊಡುವ ಏರ್ಪಾಡಿಗೆ ಗೃಹವಿಮೆಯೆಂದು ಹೆಸರು. ಈಚೆಗೆ ಹಲವು ದೇಶಗಳಲ್ಲಿ ಇದರ ಕಟ್ಟುಪಾಡುಗಳು ಬಿಗಿಯಾಗುತ್ತ ಬಂದಿವೆ. ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಸ್ಟೇಟ್ ಫಾರ್ಮ್ ಎಂಬ ದೊಡ್ಡ ಸಂಸ್ಥೆಯವರು ಕಾಡುಗಿಚ್ಚಿನ ಭಯವನ್ನೂ ಕಟ್ಟಡದ ವೆಚ್ಚದ ಏರಿಕೆಯನ್ನೂ ಕಾರಣವಾಗಿ ಹೇಳಿ, 2023ರಲ್ಲಿ ಹೊಸ ಗೃಹವಿಮೆಗಳನ್ನು ಕೊಡುವುದನ್ನೇ ನಿಲ್ಲಿಸಿದರು. ಹಳೆಯ ಮನೆಯೆಂದರೆ ಮೊದಲು ಪರೀಕ್ಷೆ, ಆಮೇಲೆ ಮಾತು ಎಂಬ ರೂಢಿಯು ಅಂತಹ ಕಡೆಗಳಲ್ಲಿ ಬೆಳೆಯುತ್ತಿದೆ. ಕಪಿಲಾ ತೀರದ ನಮ್ಮ ಸುತ್ತೂರಿನಂತಹ ಊರುಗಳಲ್ಲಿ ತಾತ ಮುತ್ತಾತಂದಿರು ಕಟ್ಟಿದ ಮಣ್ಣುಗೋಡೆಯ ಮನೆಗಳು ಇನ್ನೂ ಉಳಿದಿರುವುದರಿಂದ, ಈ ಪರೀಕ್ಷೆಯ ಪೂರ್ವೋತ್ತರವನ್ನು ಸ್ವಲ್ಪ ವಿಚಾರಿಸುವುದು ಅಪ್ರಕೃತವಾಗಲಾರದು.

ಪರರ ಮನೆಯ ಸ್ಥಿತಿಯನ್ನು ಅಧಿಕಾರದಿಂದ ವಿಚಾರಿಸುವ ಪದ್ಧತಿಯು ಹೊಸತಲ್ಲ. ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯಕೋಶಾಗಾರದ ತಾಳೆಯೋಲೆಗಳಲ್ಲಿ ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ನಗರಾಧಿಕಾರಿಯಾದ ನಾಗರಿಕನ ಕರ್ತವ್ಯಗಳನ್ನು ವಿವರಿಸುವ ಪ್ರಕರಣವೊಂದುಂಟು. ಬೇಸಗೆಯ ನಡುಹಗಲಿನಲ್ಲಿ ಮನೆಯೊಳಗೆ ಒಲೆ ಹೊತ್ತಿಸಕೂಡದು. ನೀರಿನ ಕೊಡಗಳು, ಏಣಿ, ಕೊಡಲಿ, ಮೊರ, ಕೊಕ್ಕೆ ಮೊದಲಾದುವನ್ನು ಗೃಹಸ್ಥನು ಅಣಿಮಾಡಿಟ್ಟುಕೊಂಡಿರಬೇಕು. ಬೀದಿಬೀದಿಗಳಲ್ಲಿ ನೀರಿನ ಮಡಕೆಗಳು ಸಾಲಾಗಿರಬೇಕು ಎಂಬುದಾಗಿ ಅಲ್ಲಿ ವಿಧಿಸಿದೆ. ಸಲಕರಣೆಯಿಲ್ಲದವನಿಗೆ ಕಾಲು ಪಣದ ದಂಡ. ಉರಿಯುವ ಮನೆಯ ಕಡೆಗೆ ಓಡಿಬಾರದ ಗೃಹಸ್ವಾಮಿಗೆ 12 ಪಣ, ಬಾಡಿಗೆಯವನಿಗೆ 6 ಪಣ. ನಷ್ಟವನ್ನು ತುಂಬಿಕೊಡುವ ಮಾತು ಇಲ್ಲಿಲ್ಲ. ನಷ್ಟವೊದಗದಂತೆ ನೋಡಿಕೊಳ್ಳುವ ಮಾತುಂಟು. ಹುಲ್ಲಿನ ಮನೆಯವನೆಂದು ಯಾರನ್ನೂ ಈ ವಿಧಿಯು ಹೊರಗಿಡಲಿಲ್ಲ. ಅಪಾಯದ ಹುಲ್ಲನ್ನು ಮಾತ್ರ ತೆಗೆಯಿಸಿತು.

ಹಣದಿಂದ ತುಂಬಿಕೊಡುವ ಏರ್ಪಾಡು ಮೊದಮೊದಲು ಬೆಳೆದ ಕಡೆಗಳಲ್ಲಿ ಲಂಡನ್ ಪಟ್ಟಣವೂ ಒಂದು. ಅಲ್ಲಿ 1666ರಲ್ಲಿ ಬಿದ್ದ ಮಹಾಗ್ನಿಗೆ 13 ಸಾವಿರಕ್ಕೂ ಮಿಕ್ಕ ಮನೆಗಳು ಆಹುತಿಯಾದುವು. ಅನಂತರ 1680ರ ಸುಮಾರಿನಲ್ಲಿ ನಿಕೊಲಸ್ ಬಾರ್ಬನ್ ಎಂಬಾತನು ಅಗ್ನಿವಿಮೆಯ ಕಚೇರಿಯನ್ನು ತೆರೆದು, ಇಟ್ಟಿಗೆಯ ಮನೆಗೆ ವಾರ್ಷಿಕ ಬಾಡಿಗೆಯಲ್ಲಿ ನೂರಕ್ಕೆ 2½ರಂತೆಯೂ ಮರದ ಮನೆಗೆ ನೂರಕ್ಕೆ 5ರಂತೆಯೂ ಕಂತನ್ನು ಗೊತ್ತುಮಾಡಿದನು. ಅಪಾಯವು ಹೆಚ್ಚಾದಲ್ಲಿ ಹಣವೂ ಹೆಚ್ಚು. ಆದರೆ ಮರದ ಮನೆಯವನಿಗೂ ಬಾಗಿಲು ತೆರೆದೇ ಇದ್ದಿತು. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು.

ನಮ್ಮ ದೇಶದಲ್ಲಿ ಸಾಮಾನ್ಯವಿಮೆಯು 1850ರಲ್ಲಿ ಕಲ್ಕತ್ತೆಯ ಟ್ರೈಟನ್ ಕಂಪೆನಿಯೊಡನೆ ಕಾಲಿಟ್ಟಿತು. ಮೈಸೂರು ಸಂಸ್ಥಾನವು 1891ರಲ್ಲಿಯೇ ತನ್ನ ನೌಕರರಿಗೆ ಜೀವವಿಮೆಯನ್ನು ಏರ್ಪಡಿಸಿತ್ತಾದರೂ, ಹಳ್ಳಿಯ ಮನೆಗೆ ವಿಮೆಯೆಂಬುದು ಜನರ ಕಲ್ಪನೆಗೇ ಬರಲಿಲ್ಲ. 1973ರಲ್ಲಿ ಸಾಮಾನ್ಯವಿಮೆಯು ರಾಷ್ಟ್ರೀಕರಣಗೊಂಡಿತು. 1999ರ ಕಾಯಿದೆಯ ಬಳಿಕ ಖಾಸಗಿಯವರೂ ಮರಳಿ ಬಂದರು. ದೇಶಕ್ಕೆಲ್ಲ ಒಂದೇ ಆಗಿದ್ದ ಅಗ್ನಿವಿಮೆಯ ದರಪಟ್ಟಿಯಲ್ಲಿ ಕಚ್ಚಾ ಕಟ್ಟಡವೆಂದರೇನೆಂಬುದಕ್ಕೆ ಒಂದು ಲಕ್ಷಣವಾಕ್ಯವಿದ್ದಿತು. ಮರದ ಹಲಗೆ, ಗರಿ, ಹುಲ್ಲು, ಬಿದಿರು, ಬಟ್ಟೆ, ಟಾರ್ಪಾಲು ಮುಂತಾದುವುಗಳ ಗೋಡೆಯಾಗಲಿ ಚಾವಣಿಯಾಗಲಿ ಉಳ್ಳದ್ದು ಕಚ್ಚಾ. ಅದಕ್ಕೆ ಹೆಚ್ಚಿನ ದರ. ಈ ಪಟ್ಟಿಯಲ್ಲಿ ಮಣ್ಣಿನ ಹೆಸರಿಲ್ಲ. ಜನಗಣತಿಯವರು ಮಣ್ಣುಗೋಡೆಯನ್ನು ತಾತ್ಕಾಲಿಕವೆಂದು ಬರೆದುಕೊಳ್ಳುವರಾದರೂ, ಹೆಂಚು ಹೊದಿಸಿದ ನಮ್ಮ ತೊಟ್ಟಿಮನೆಯು ಆ ವಿಮಾಲಕ್ಷಣದಂತೆ ಕಚ್ಚಾ ಎನಿಸಲಿಲ್ಲ. ಮಣ್ಣು ಸುಲಭವಾಗಿ ಉರಿಯುವ ವಸ್ತುವಲ್ಲವಷ್ಟೆ.

ಮಣ್ಣುಗೋಡೆಯ ಶತ್ರು ಬೆಂಕಿಯಲ್ಲ, ನೀರು. 2018ರ ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ವಯನಾಡಿನ ಮಳೆಯಿಂದ ಕಬಿನಿ ಜಲಾಶಯವು ತುಂಬಿ, ಬಿಟ್ಟ ನೀರಿನಿಂದ ಕಪಿಲೆಯು ಉಕ್ಕಿ, ನಂಜನಗೂಡಿನ ತಗ್ಗುಗಳನ್ನು ಮುಳುಗಿಸಿ ಮೈಸೂರಿನ ಹೆದ್ದಾರಿಯನ್ನು ಕಡಿದಳು. 2019ರಲ್ಲಿ ಸುತ್ತೂರಿನ ಸೇತುವೆಯೂ ಮುಳುಗಿತು. ಆ ವರ್ಷ ರಾಜ್ಯದಲ್ಲಿ ಬಿದ್ದ ಮನೆಗಳನ್ನು ಅಧಿಕಾರಿಗಳು ನೋಡಿ ಎ, ಬಿ, ಸಿ ಎಂದು ವಿಂಗಡಿಸಿದರು. ಪೂರ್ಣವಾಗಿ ನಾಶವಾದುದಕ್ಕೆ ಸರ್ಕಾರದವರು 5 ಲಕ್ಷ ರೂಪಾಯಿಗಳನ್ನು ಗೊತ್ತುಮಾಡಿದರು. ಇದು ಸ್ತುತ್ಯವೇ ಸರಿ. ಆದರೆ ನಮ್ಮಲ್ಲಿ ಮನೆಯ ಪರೀಕ್ಷೆಯು ಮನೆ ಬಿದ್ದ ಮೇಲೆ ನಡೆಯುತ್ತದೆ. ಬೀಳುವುದಕ್ಕೆ ಮುಂಚೆ ಗೋಡೆಯ ಬುಡವನ್ನು ಬಗ್ಗಿ ನೋಡುವವರಿಲ್ಲ.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದವರು ಭಾರತ್ ಗೃಹ ರಕ್ಷಾ ಎಂಬ ಏಕರೂಪದ ವಿಮೆಯನ್ನು ಜಾರಿಗೆ ತಂದಿದ್ದಾರೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ ಇವೆಲ್ಲವೂ ಅದರಲ್ಲಿ ಸೇರಿವೆ. ನೆಲದ ಬೆಲೆಯನ್ನು ಬಿಟ್ಟು, ಮನೆಯನ್ನು ಮರಳಿ ಕಟ್ಟುವ ವೆಚ್ಚವೇ ಅದರ ಲೆಕ್ಕಕ್ಕೆ ಆಧಾರ. ಆದರೆ ಕಾಲದ ಸವೆತದಿಂದಾದ ಹಾನಿಗೆ ವಿಮೆಯು ಸಲ್ಲದು. ಗೆದ್ದಲು ತಿಂದ ತೊಲೆ ತಾನಾಗಿ ಮುರಿದರೆ ಕೇಳುವಂತಿಲ್ಲ. ಇದೇ ಹಳೆಯ ಮನೆಯವನ ನಿಜವಾದ ಕಷ್ಟ: ಗೋಡೆ ಬಿದ್ದುದು ನೆರೆಯಿಂದಲೋ ಹಳತಾದುದರಿಂದಲೋ ಎಂಬ ವಿವಾದದಲ್ಲಿ, ಮೊದಲಿನ ಸ್ಥಿತಿಗೆ ಸಾಕ್ಷಿಯೇ ಇರುವುದಿಲ್ಲ.

ಆದುದರಿಂದ ಮುಂಚಿತವಾದ ಪರೀಕ್ಷೆಯನ್ನು ನಾವು ದ್ವೇಷಿಸಬೇಕಾಗಿಲ್ಲ. ಅದು ಮನೆಯವನ ಪಾಲಿಗೇ ಸಾಕ್ಷಿಯಾಗುತ್ತದೆ. ಆದರೆ ಅದು ಮನೆಯ ವಯಸ್ಸನ್ನೂ ಊರಿನ ಹೆಸರನ್ನೂ ಕೇಳಿ ತಿರುಗಿಹೋಗುವ ಪರೀಕ್ಷೆಯಾಗಕೂಡದು. ಕಲ್ಲಿನ ತಳಪಾಯವು ನೆಲದಿಂದ ಎಷ್ಟು ಮೇಲಕ್ಕಿದೆ, ಸೂರಿನ ನೀರು ಗೋಡೆಗೆ ತಾಗುವುದೋ ದೂರ ಬೀಳುವುದೋ, ವರ್ಷವರ್ಷವೂ ಹೆಂಚು ಕೈಯಾಡಿಸಿದ್ದಾರೆಯೇ, ತೊಲೆಜಂತೆಗಳು ಗಟ್ಟಿಯಾಗಿವೆಯೇ ಎಂಬುದನ್ನು ನೋಡಬೇಕು. ಕಂಡ ದೋಷವನ್ನು ತಿಳಿಗನ್ನಡದಲ್ಲಿ ಬರೆದುಕೊಟ್ಟು, ತಿದ್ದಿಕೊಳ್ಳಲು ಒಂದು ಮಳೆಗಾಲದ ಮುಂಚಿನ ಅವಧಿಯನ್ನು ಕೊಡಬೇಕು. ಆರೈಕೆಯಲ್ಲಿರುವ ನೂರು ವರ್ಷದ ಮನೆಯು ಅಲಕ್ಷ್ಯದಲ್ಲಿರುವ ಹತ್ತು ವರ್ಷದ ಮನೆಗಿಂತ ಮೇಲೆಂಬುದನ್ನು ಬಲ್ಲ ಪರೀಕ್ಷಕರೇ ನಮ್ಮ ಹಳ್ಳಿಗಳಿಗೆ ಬೇಕು. ಗೃಹಸ್ಥರೂ ಅವರು ಬರುವ ತನಕ ಕಾಯದೆ, ಈ ವೈಶಾಖದಲ್ಲಿಯೇ ತಮ್ಮ ಗೋಡೆಯ ಬುಡವನ್ನೊಮ್ಮೆ ತಾವೇ ನೋಡಿಕೊಳ್ಳುವುದು ಲೇಸು.