ದೊರೆಯ ಮೇಲಿನ ಏಳನೆಯ ದೂರು

ಜುಲೈ 4ರಂದು ಮಕ್ಕಳಿಗೆ ಬಾಣಬಿರುಸು ತೋರಿಸಲು ತಪ್ಪದೆ ಹೋಗುವ ನಾವು ಅಮೆರಿಕದ ಕನ್ನಡಿಗರು, 1776ರ ಸ್ವಾತಂತ್ರ್ಯ ಘೋಷಣೆಯನ್ನು ಪೂರ್ತಿ ಓದಿರುವುದು ಅಪರೂಪ. ನಾನೂ ಓದಿರಲಿಲ್ಲ. ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಮೂಲಪ್ರತಿಯನ್ನು ಕಂಡೆನಾದರೂ ಶಾಯಿ ಮಾಸಿ ಅಕ್ಷರಗಳು ಕಣ್ಣಿಗೆ ಹತ್ತಲಿಲ್ಲ. ಮನೆಗೆ ಬಂದು ಮುದ್ರಿತ ಪ್ರತಿಯನ್ನು ತೆರೆದೆ.

ಪೀಠಿಕೆಯ ಪ್ರಸಿದ್ಧ ಮಾತುಗಳು ಮುಗಿದೊಡನೆ ಸಮುದ್ರದಾಚೆಯ ಮೂರನೆಯ ಜಾರ್ಜ್ ದೊರೆಯ ಮೇಲೆ ದೂರುಗಳ ಸರಮಾಲೆ; ಒಟ್ಟು 27. ಒಪ್ಪಿಗೆಯಿಲ್ಲದೆ ತೆರಿಗೆ ಹೇರಿದ್ದು, ಶಾಸನಸಭೆಗಳನ್ನು ವಿಸರ್ಜಿಸಿದ್ದು ಎಲ್ಲರೂ ಬಲ್ಲ ಸಂಗತಿ. ನನ್ನನ್ನು ತಡೆದು ನಿಲ್ಲಿಸಿದ್ದು ಏಳನೆಯದು. ಪರದೇಶಿಗಳಿಗೆ ಪೌರತ್ವ ನೀಡುವ ಕಾನೂನುಗಳಿಗೆ ಅಡ್ಡಿಮಾಡಿ, ದೊರೆಯು ವಲಸೆಯನ್ನೇ ತಡೆಯುತ್ತಿದ್ದಾನೆಂಬ ದೂರು ಅದು. ಆಧಾರವಿಲ್ಲದ ಮಾತಲ್ಲ; ವಸಾಹತುಗಳ ಸಭೆಗಳು ರೂಪಿಸುವ ಅಂಥ ಕಾನೂನುಗಳಿಗೆ ಸಮ್ಮತಿಸಕೂಡದೆಂದು 1773ರಲ್ಲಿ ಲಂಡನ್ನಿನಿಂದ ಗವರ್ನರುಗಳಿಗೆ ಆಜ್ಞೆ ಹೊರಟಿತ್ತು.

ಆದರೆ ದೂರಿತ್ತವರೇ ಆಳುವವರಾದಾಗ? 1790ರ ಪೌರತ್ವ ಕಾಯಿದೆ ಬಾಗಿಲು ತೆರೆದದ್ದು ಸ್ವತಂತ್ರ ಬಿಳಿಯರಿಗೆ ಮಾತ್ರ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಬಿಳಿಯನಲ್ಲ, ಆದ್ದರಿಂದ ಪೌರನಾಗಲಾರನೆಂದು 1923ರಲ್ಲಿ ಸುಪ್ರೀಂ ಕೋರ್ಟೇ ತೀರ್ಪಿತ್ತಿತು. ಯುದ್ಧಕ್ಕೆ ಬೇಕಾದವನು ಪೌರತ್ವಕ್ಕೆ ಬೇಡವಾದ! ಭಾರತೀಯರಿಗೆ ಆ ಹಕ್ಕು ದೊರೆತದ್ದು 1946ರಲ್ಲಿ. ಆಗಲೂ ವಲಸೆಗೆ ವರ್ಷಕ್ಕೆ ಸುಮಾರು 100 ಮಂದಿಯ ಮಿತಿ. ನಮ್ಮಂಥವರು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ್ದು 1965ರ ವಲಸೆ ಕಾಯಿದೆಯ ಅನಂತರವೇ.

ಪರರಾಜರ ಮೇಲಣ ನಿಷ್ಠೆಯನ್ನು ತೊರೆಯುವ ಮಾತು ಪೌರತ್ವದ ಪ್ರಮಾಣವಚನದಲ್ಲಿ ಇಂದಿಗೂ ಇದೆ. ಬಲಗೈ ಎತ್ತಿ ಅದನ್ನು ಉಚ್ಚರಿಸಿದ ದಿನ, ಈ ಏಳನೆಯ ದೂರಿನ ಸಂಗತಿ ನನಗೆ ತಿಳಿದಿರಲಿಲ್ಲ.