ಯಾವ ಗಳಿಗೆ ಲೆಕ್ಕಕ್ಕೆ? ಎಲೆಯಾಟದ ನಿಯಮಗಳ ಒಂದು ಇತಿಹಾಸ



ರಾಮದುರ್ಗ ತಾಲ್ಲೂಕಿನ ಕಟಕೋಳದಂಥ ಊರಿನ ಒಂದು ಪಡಸಾಲೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಧ್ಯಾಹ್ನದ ಬಿಸಿಲು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆಗಳು. ತಮ್ಮನ ಕೈಯಿಂದ ಉರುಳಿದ ನಾಲ್ಕು ಕವಡೆಗಳಿಗೆ ಚೌಕ ಬಿದ್ದಿದೆ. ಅವನು ಮತ್ತೆ ಕವಡೆಗೆ ಕೈ ಹಾಕುತ್ತಾನೆ. "ಏ, ಮೊದಲ ಕಾಯಿ ನಡಸೋ, ಆಮ್ಯಾಲ ಕವಡಿ ಹಾಕು" ಎಂದು ಅಕ್ಕ ತಡೆಯುತ್ತಾಳೆ. "ಇಲ್ಲವಾ, ಎಲ್ಲಾ ಹಾಕಿ ಆದಮ್ಯಾಲೇ ನಡಸೂದು" ಎನ್ನುತ್ತಾನೆ ಅವನು. ಜಗಳ ಕೊನೆಗೆ ಅಜ್ಜಿಯ ಮುಂದೆ ಹೋಗುತ್ತದೆ.

ಇದು ಮಕ್ಕಳ ಜಗಳವೆಂದು ನಗಬೇಡಿ. ಅವರಿಬ್ಬರಿಗೂ ನಿಯಮ ಗೊತ್ತಿದೆ. ಚೌಕ ಅಥವಾ ಎಂಟು ಬಿದ್ದರೆ ಇನ್ನೊಂದು ಪಾಳಿ ಸಿಗುತ್ತದೆ. ಎದುರಾಳಿಯ ಕಾಯಿಯನ್ನು ಕಡಿದರೂ ಇನ್ನೊಂದು ಪಾಳಿ ಸಿಗುತ್ತದೆ. ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಅವರು ಜಗಳವಾಡುತ್ತಿರುವುದು ಈ ನಿಯಮ ಯಾವ ಗಳಿಗೆಯಲ್ಲಿ ಜಾರಿಗೆ ಬರುತ್ತದೆ ಎಂಬುದರ ಬಗ್ಗೆ. 'ಹೀಗಾದರೆ ಹಾಗೆ' ಎಂದು ಹೇಳುವುದು ಸುಲಭ. 'ಹೀಗಾಯಿತು' ಎಂದು ಯಾವಾಗ ಎಣಿಸಬೇಕು, 'ಹಾಗೆ' ಎಂಬುದು ಯಾವಾಗ ನಡೆಯಬೇಕು ಎಂದು ಗೊತ್ತುಮಾಡುವುದು ಕಷ್ಟ. ಆಟಗಳ ಚರಿತ್ರೆಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ.

ಹಗಲಿಗೆ ರಾಮ, ಇರುಳಿಗೆ ಕೃಷ್ಣ

ಬೆಳಗಾವಿಯಿಂದ ಅಂಬೋಲಿ ಘಟ್ಟ ಇಳಿದರೆ ಸಾವಂತವಾಡಿ ಸಿಗುತ್ತದೆ. ಗಂಜೀಫಾ ಎಂಬ ದುಂಡನೆಯ, ಕೈಯಿಂದ ಬಣ್ಣ ಬರೆದ ಎಲೆಗಳಿಗೆ ಆ ಊರು ಹೆಸರಾಗಿದೆ. ಈ ಆಟದ ಬೇರು ಪಶ್ಚಿಮ ಏಷ್ಯಾದಲ್ಲಿದೆ. 1527ರಲ್ಲಿ ಬಾಬರನು ಸಿಂಧ್‌ನ ಶಾ ಹಸನ್‌ನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಮಾತು ಅವನ ಆತ್ಮಕಥೆಯಲ್ಲಿ ಬರುತ್ತದೆ. ಅಕ್ಬರನ ಕಾಲದ ಆಟದ ವಿವರವನ್ನು ಅಬುಲ್ ಫಜಲ್ ಬರೆದಿಟ್ಟಿದ್ದಾನೆ. ಮೊಗಲರ ಕಟ್ಟಿನಲ್ಲಿ ಎಂಟು ಬಣ್ಣ, ಬಣ್ಣಕ್ಕೆ ಹನ್ನೆರಡು ಎಲೆ, ಒಟ್ಟು 96. ದಖ್ಖನಕ್ಕೆ ಬಂದ ಮೇಲೆ ಬಣ್ಣಗಳ ಸ್ಥಾನದಲ್ಲಿ ವಿಷ್ಣುವಿನ ಹತ್ತು ಅವತಾರಗಳು ಬಂದು ಕುಳಿತವು. ಎಲೆಗಳು 120 ಆದವು.

ಈ ದಶಾವತಾರ ಆಟವನ್ನು ಆರಂಭಿಸುವವರು ಯಾರು? ಹಗಲಾದರೆ ರಾಮನ ರಾಜನೆಲೆ ಯಾರ ಕೈಯಲ್ಲಿದೆಯೋ ಅವರು. ರಾತ್ರಿಯಾದರೆ ಕೃಷ್ಣನ ರಾಜನೆಲೆ ಇದ್ದವರು. ಮೊಗಲರ ಆಟದಲ್ಲಿಯೂ ಇದೇ ಕ್ರಮ: ಹಗಲಿಗೆ ಸೂರ್ಯನ ಬಣ್ಣ, ಇರುಳಿಗೆ ಚಂದ್ರನ ಬಣ್ಣ. ಗಮನಿಸಿ, ಇಲ್ಲಿ ಎಲೆ ಬದಲಾಗುವುದಿಲ್ಲ, ಅದರ ಅಧಿಕಾರ ಬದಲಾಗುತ್ತದೆ. ಅದೇ ರಾಮನ ಎಲೆಗೆ ಮಧ್ಯಾಹ್ನ ಮುಂದಾಳುತನವಿದೆ, ದೀಪ ಹಚ್ಚಿದ ಮೇಲೆ ಇಲ್ಲ. ಎಲೆಯ ಮೇಲೆ ಏನು ಬರೆದಿದೆ ಎಂಬುದರ ಜೊತೆಗೆ ಹೊತ್ತು ಎಷ್ಟಾಗಿದೆ ಎಂಬುದನ್ನೂ ಆಟಗಾರ ನೋಡಬೇಕು.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇದೇ ಪರಂಪರೆಯನ್ನು ಬೇರೊಂದು ದಿಕ್ಕಿಗೆ ಬೆಳೆಸಿದರು. ಅವರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಎಂಬ ಭಾಗದಲ್ಲಿ ಹಲವು ಎಲೆಯಾಟಗಳ ವರ್ಣನೆಯಿದೆ. ಕೆಲವು ಕಟ್ಟುಗಳಲ್ಲಿ 360 ಎಲೆಗಳವರೆಗೂ ಇದ್ದವು. ಆಟ ಮುಗಿಯುವವರೆಗೂ ಅಧಿಕಾರ ಕಳೆದುಕೊಳ್ಳದ ತುರುಫು ಎಲೆಗಳೂ ಅವುಗಳಲ್ಲಿದ್ದವು. ಆದರೆ ಇಷ್ಟು ತೊಡಕಿನ ಆಟ ಅರಮನೆಯಿಂದ ಬೀದಿಗೆ ಬರಲಿಲ್ಲ. ನಿಯಮ ಎಷ್ಟೇ ಜಾಣ್ಮೆಯದಾಗಿರಲಿ, ಆಡುವವರ ನೆನಪಿನಲ್ಲಿ ನಿಲ್ಲದಿದ್ದರೆ ಆಟ ಉಳಿಯುವುದಿಲ್ಲ.

ರೊಟ್ಟಿ ಬುಟ್ಟಿಯ ನ್ಯಾಯ

ಈಗ ನಮ್ಮ ಕಾಲದ ಹತ್ತಿರಕ್ಕೆ ಬರೋಣ. 1993ರಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ 'ಮ್ಯಾಜಿಕ್: ದ ಗ್ಯಾದರಿಂಗ್' ಎಂಬ ಆಟ ಹೊರಬಂದಿತು. ಇದರಲ್ಲಿ ಎಲ್ಲರಿಗೂ ಒಂದೇ ಕಟ್ಟು ಇರುವುದಿಲ್ಲ. ಆಟಗಾರರು ಎಲೆಗಳನ್ನು ಕೊಂಡು, ವಿನಿಮಯ ಮಾಡಿಕೊಂಡು ತಮ್ಮ ತಮ್ಮ ಕಟ್ಟನ್ನು ತಾವೇ ಕಟ್ಟುತ್ತಾರೆ. ಪ್ರತಿ ಎಲೆಯ ಮೇಲೂ ಅದರದೇ ನಿಯಮ ಅಚ್ಚಾಗಿರುತ್ತದೆ. ಸಾವಿರಾರು ಎಲೆಗಳು, ಸಾವಿರಾರು 'ಹೀಗಾದರೆ ಹಾಗೆ'ಗಳು! ಎರಡು ನಿಯಮಗಳು ಒಂದೇ ಗಳಿಗೆಯಲ್ಲಿ ಎದುರಾದರೆ ಯಾವುದು ಮೊದಲು? ಮೊದಲ ಕೆಲವು ವರ್ಷ ಇದಕ್ಕೆ ಉತ್ತರ ಬಹಳ ಗೋಜಲಾಗಿತ್ತು. 1999ರಲ್ಲಿ ನಿಯಮಗಳನ್ನು ಹೊಸದಾಗಿ ಬರೆದು 'ಸ್ಟ್ಯಾಕ್' ಅಂದರೆ ಅಟ್ಟಿ ಎಂಬ ಕ್ರಮವನ್ನು ತಂದರು.

ಇದನ್ನು ತಿಳಿಯಲು ನಮ್ಮ ರೊಟ್ಟಿ ಬುಟ್ಟಿ ಸಾಕು. ಬಡಿದ ರೊಟ್ಟಿಗಳನ್ನು ಒಂದರ ಮೇಲೊಂದು ಇಡುತ್ತೇವೆ. ಕೊನೆಗೆ ಇಟ್ಟದ್ದು ಮೊದಲು ಕೈಗೆ ಬರುತ್ತದೆ. ಆಟದಲ್ಲಿಯೂ ಹಾಗೆಯೇ. ನಾನು ನಿಮ್ಮ ಸೈನಿಕನನ್ನು ಗುರಿಯಾಗಿ ಹೆಸರಿಸಿ ಒಂದು ಮಂತ್ರದ ಎಲೆ ಹಾಕಿದೆ ಎನ್ನಿ. ಅದು ತಕ್ಷಣ ಫಲಿಸುವುದಿಲ್ಲ, ಅಟ್ಟಿಯ ಮೇಲೆ ಕಾಯುತ್ತದೆ. ನೀವು ಅದಕ್ಕೆ ಉತ್ತರವಾಗಿ ಆ ಸೈನಿಕನನ್ನು ಕಣದಿಂದ ಹಿಂದಕ್ಕೆ ಕರೆದುಕೊಳ್ಳುವ ಎಲೆ ಹಾಕಿದಿರಿ. ಕೊನೆಗೆ ಬಂದ ನಿಮ್ಮ ಎಲೆ ಮೊದಲು ಫಲಿಸುತ್ತದೆ. ನನ್ನ ಮಂತ್ರದ ಸರದಿ ಬಂದಾಗ ಗುರಿ ಅಲ್ಲಿಲ್ಲ, ಮಂತ್ರ ವ್ಯರ್ಥ. 'ಹಾಗಾದರೆ ಪಕ್ಕದ ಸೈನಿಕನಿಗೆ ತಗಲಲಿ' ಎಂದು ನಾನು ಹೇಳುವಂತಿಲ್ಲ. ಗುರಿಯನ್ನು ಆರಿಸುವುದು ಎಲೆ ಹಾಕುವಾಗ. ಅದು ಇನ್ನೂ ಸರಿಯಾಗಿದೆಯೇ ಎಂದು ನೋಡುವುದು ಫಲಿಸುವಾಗ. ಹೀಗೆ ಎರಡು ಗಳಿಗೆಗಳಿಗೆ ಎರಡು ಕೆಲಸ.

ಇನ್ನೊಂದು ಬಗೆಯ ನಿಯಮ ತಾನಾಗಿಯೇ ಎಚ್ಚರಗೊಳ್ಳುವಂಥದು: 'ಸೈನಿಕ ಸತ್ತಾಗ ಒಂದು ಎಲೆ ತೆಗೆದುಕೊ' ಎನ್ನುವ ರೀತಿಯದು. ಕಾಯಿ ಕಡಿದಾಗ ಸಿಗುವ ಪಾಳಿಯ ತಮ್ಮನೇ ಇದು. ಘಟನೆ ನಡೆದೊಡನೆ ಇದು ಹುಟ್ಟುತ್ತದೆ, ಅಟ್ಟಿಗೆ ಸೇರಿ ತನ್ನ ಸರದಿಗೆ ಕಾಯುತ್ತದೆ. ಒಮ್ಮೆ ಹುಟ್ಟಿದ ಮೇಲೆ, ಹುಟ್ಟಿಸಿದ ಎಲೆ ಕಣದಲ್ಲಿ ಇಲ್ಲದಿದ್ದರೂ ಇದು ಅಳಿಯುವುದಿಲ್ಲ. ಇಬ್ಬರ ನಿಯಮಗಳೂ ಏಕಕಾಲಕ್ಕೆ ಎಚ್ಚರಗೊಂಡರೆ, ಯಾರ ಪಾಳಿ ನಡೆಯುತ್ತಿದೆಯೋ ಅವರದು ಮೊದಲು ಅಟ್ಟಿಗೆ ಸೇರುತ್ತದೆ, ಎದುರಾಳಿಯದು ಅದರ ಮೇಲೆ. ಆದ್ದರಿಂದ ಎದುರಾಳಿಯದೇ ಮೊದಲು ಫಲಿಸುತ್ತದೆ.

ಕಿತ್ತೂರಿನ ಪ್ರಶ್ನೆ

ಇಷ್ಟೆಲ್ಲ ಕೂದಲು ಸೀಳುವುದೇಕೆ ಎಂದು ನೀವು ಕೇಳಬಹುದು. ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಇದೆ.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡನು. ಅವನು ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡಿದ್ದಾನೆ ಎಂದು ಸಂಸ್ಥಾನ ಹೇಳಿತು. ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆ ಇದನ್ನು ನಂಬಲಿಲ್ಲ. ದತ್ತಕ ನಡೆದದ್ದು ದೊರೆ ಬದುಕಿದ್ದಾಗಲೋ, ಸತ್ತ ಮೇಲೋ? ಕಂಪನಿಯ ಒಪ್ಪಿಗೆ ಮೊದಲೇ ಬೇಕಿತ್ತೋ, ಇಲ್ಲವೋ? ನೋಡಿ, ಇದೂ ಗಳಿಗೆಯ ಪ್ರಶ್ನೆಯೇ. ವಾರಸುದಾರನಿಲ್ಲದೆ ದೊರೆ ಸತ್ತರೆ ಸಂಸ್ಥಾನ ಕಂಪನಿಗೆ ಎಂಬ ವಾದ ಎಚ್ಚರಗೊಳ್ಳಬೇಕಾದರೆ, ಸಾವಿನ ಗಳಿಗೆಯಲ್ಲಿ ವಾರಸುದಾರ ಇರಲಿಲ್ಲ ಎಂದು ಮೊದಲು ತೀರ್ಮಾನವಾಗಬೇಕು. ರಾಣಿ ಚೆನ್ನಮ್ಮನ ಮಟ್ಟಿಗೆ ದತ್ತಕ ಸಂಸ್ಥಾನದ ಮನೆಯ ವಿಷಯ. ಕಂಪನಿ ಅದರಲ್ಲಿ ಕೈ ಹಾಕುವಂತಿರಲಿಲ್ಲ.

ಆಟಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಮರೆಯಬೇಡಿ. ಪಡಸಾಲೆಯ ಜಗಳಕ್ಕೆ ಅಜ್ಜಿ ಇದ್ದಳು. ಅವಳು ಆಟದಲ್ಲಿ ಕಾಯಿ ಹಿಡಿದಿರಲಿಲ್ಲ. ಕಿತ್ತೂರಿನಲ್ಲಿ ಎದುರಾಳಿಯೇ ನ್ಯಾಯಾಧೀಶನೂ ಆಗಿದ್ದನು. ನಿಯಮ ಯಾವುದು, ಅದು ಯಾವಾಗ ಜಾರಿಗೆ ಬಂತು ಎಂದು ಹೇಳುವ ಅಧಿಕಾರವೂ, ಅದರಿಂದ ಬರುವ ಲಾಭವೂ ಒಂದೇ ಕೈಯಲ್ಲಿದ್ದವು. ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯದ ಮುಂದೆ ಕೋಟೆ ಬಿದ್ದಿತು. ಸೆರೆಯಾದ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ಕೊನೆಯುಸಿರೆಳೆದಳು. ದತ್ತಕದ ವಿಚಾರವಾಗಿ ನಾವು ಪರೀಕ್ಷೆಗೆ ಓದುವ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಅವನ ಹೆಸರಿನಲ್ಲಿ ನೀತಿ ಪ್ರಸಿದ್ಧವಾಗುವ 24 ವರ್ಷ ಮುಂಚೆಯೇ ಕಿತ್ತೂರು ಅದರ ಪೆಟ್ಟು ತಿಂದಿತ್ತು.

ಎಲೆಯಾಟದ ನಿಯಮ ಬರೆದವರು ಕಲಿತ ಪಾಠ ಇಷ್ಟೇ: ಯಾವ ಗಳಿಗೆ ಲೆಕ್ಕಕ್ಕೆ ಎಂಬುದನ್ನು ಆಟ ಹೂಡುವ ಮೊದಲೇ, ಇಬ್ಬರಿಗೂ ತಿಳಿಯುವಂತೆ ಗೊತ್ತುಮಾಡಬೇಕು. ಎಲೆ ಬಿದ್ದ ಮೇಲೆ ಗೆದ್ದವನು ಹೇಳಿದ್ದೇ ನಿಯಮವಾದರೆ ಅದು ಆಟವಾಗಿ ಉಳಿಯುವುದಿಲ್ಲ.

ಯೋಚಿಸಿ, ಚರ್ಚಿಸಿ

1. ನಿಮ್ಮ ಮನೆಯ ಚೌಕಾಬಾರದಲ್ಲಿ ಚೌಕ ಬಿದ್ದಾಗ ಕಾಯಿ ಮೊದಲೋ, ಕವಡೆ ಮೊದಲೋ? ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಗೆಳೆಯರ ಮನೆಯ ಪದ್ಧತಿಯೊಡನೆ ಹೋಲಿಸಿ.
2. ಗಂಜೀಫಾ ಆಟ ಸಂಜೆ ಆರಂಭವಾಗಿ ನಡುವೆ ಕತ್ತಲಾದರೆ ಮುಂದಾಳು ಬದಲಾಗಬೇಕೇ? ನಿಮ್ಮ ಉತ್ತರಕ್ಕೆ ಕಾರಣ ಕೊಡಿ.
3. ಕಿತ್ತೂರಿನ ದತ್ತಕದ ವಿಷಯವನ್ನು ತೀರ್ಮಾನಿಸಲು ಎಂಥ ಮಧ್ಯಸ್ಥ ಬೇಕಾಗಿತ್ತು?