ಉತಾರ ಒಂದೇ ಸಾಲದು, ಡೈರಿನೂ ಬೇಕು

1824ರ ಸೆಪ್ಟೆಂಬರ್ 12ರಂದು ಧಾರವಾಡದ ಕಲೆಕ್ಟರ್ ಮತ್ತು ಪೊಲಿಟಿಕಲ್ ಏಜೆಂಟ್ ಸೇಂಟ್ ಜಾನ್ ಥ್ಯಾಕರೆಗೆ ಕಿತ್ತೂರಿನಿಂದ ಒಂದು ಪತ್ರ ಬಂತು. ಕಳಿಸಿದವರು ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜ. ಆರೋಗ್ಯ ಸರಿಯಿಲ್ಲ, ಮಕ್ಕಳಿಲ್ಲ, ಹಾಗಾಗಿ ಒಬ್ಬ ಹುಡುಗನನ್ನ ದತ್ತು ತಗೊಂಡಿದ್ದೀನಿ ಅನ್ನೋದು ಅದರ ಸಾರ. ಪತ್ರದ ಮೇಲಿದ್ದ ತಾರೀಖು ಜುಲೈ 10. ದೇಸಾಯಿ ತೀರಿಕೊಂಡಿದ್ದು ಸೆಪ್ಟೆಂಬರ್ 11, ಅಂದರೆ ಪತ್ರ ಮುಟ್ಟುವ ಹಿಂದಿನ ದಿನ.

ಥ್ಯಾಕರೆಗೆ ಅನುಮಾನ ಬಂತು. ಜುಲೈನಲ್ಲಿ ಬರೆದ ಪತ್ರ ಕಿತ್ತೂರಿನಿಂದ ಧಾರವಾಡಕ್ಕೆ ಬರೋಕೆ ಎರಡು ತಿಂಗಳು ಯಾಕೆ ಬೇಕು? ಕುದುರೆ ಸವಾರ ಒಂದೇ ದಿನದಲ್ಲಿ ಮುಟ್ಟುವ ದಾರಿ ಅದು. ಸಹಿಯೂ ದೇಸಾಯಿಯ ಹಳೆಯ ಸಹಿಯ ಹಾಗೆ ಕಾಣಿಸಲಿಲ್ಲ. ಸತ್ತ ಮೇಲೆ ಯಾರೋ ಬರೆದು ಹಳೇ ತಾರೀಖು ಹಾಕಿದ್ದಾರೆ ಅಂತ ಆತ ತೀರ್ಮಾನಕ್ಕೆ ಬಂದ. ದತ್ತು ಒಪ್ಪಲಿಲ್ಲ, ಖಜಾನೆಗೆ ಮುದ್ರೆ ಹಾಕಿಸಿದ. ಮುಂದಿನದು ನಾವೆಲ್ಲ ಶಾಲೆಯಲ್ಲಿ ಓದಿದ್ದೇ. ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಥ್ಯಾಕರೆ ಸತ್ತ. ಡಿಸೆಂಬರ್ ಮೊದಲ ವಾರದಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡೀತು. ರಾಣಿ ಚನ್ನಮ್ಮನನ್ನ ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. 1829ರ ಫೆಬ್ರವರಿ 2ರಂದು ಆಕೆ ಅಲ್ಲೇ ತೀರಿಕೊಂಡಳು.

ಪತ್ರ ಅಪ್ಪಟ ಅಂತ ಸಾಬೀತಾಗಿದ್ದರೂ ಕಂಪನಿ ಸುಮ್ಮನಿರುತ್ತಿತ್ತು ಅಂತ ನಾನು ಹೇಳ್ತಿಲ್ಲ. ತುಂಬಿದ ಖಜಾನೆ ಇರುವ ಸಂಸ್ಥಾನವನ್ನ ಬಿಟ್ಟುಕೊಡೋ ಜಾಯಮಾನ ಅವರದ್ದಾಗಿರಲಿಲ್ಲ. ಆದರೆ ಅವರು ಹಿಡಿದ ನೆವ ಯಾವುದು ನೋಡಿ. ಈ ಕಾಗದ ಯಾವಾಗ ಬರೆದದ್ದು, ಬರೆದವರು ಯಾರು? ಇವೆರಡೇ ಪ್ರಶ್ನೆ. ಕಿತ್ತೂರಿನವರ ಕೈಯಲ್ಲಿ ಇದಕ್ಕೆ ಉತ್ತರ ಹೇಳೋ ಬೇರೆ ದಾಖಲೆ ಇರಲಿಲ್ಲ. ಜುಲೈನಲ್ಲೇ ಇನ್ನೊಂದು ಪ್ರತಿ ಧಾರವಾಡದ ಕಚೇರಿಯ ಆವಕ ಪುಸ್ತಕದಲ್ಲಿ ದಾಖಲಾಗಿದ್ದರೆ, ಕನಿಷ್ಠ ಈ ನೆವ ಅವರಿಗೆ ಸಿಗ್ತಿರಲಿಲ್ಲ.

ಸಾಫ್ಟ್‌ವೇರ್ ಕೆಲಸ ಮಾಡೋರಿಗೆ ಇದು ಗೊತ್ತಿರೋ ವಿಷಯ. ಫೈಲಿನ ಮೇಲೆ ಕಾಣೋ ತಾರೀಖಿಗೆ ಬೆಲೆ ಕಡಿಮೆ. ಲಿನಕ್ಸ್‌ನಲ್ಲಿ ಒಂದು ಸಣ್ಣ ಕಮಾಂಡ್ ಕೊಟ್ಟರೆ ಇವತ್ತು ಬರೆದ ಫೈಲನ್ನ ಹತ್ತು ವರ್ಷ ಹಳೇದು ಮಾಡಬಹುದು. ಇನ್ನೊಬ್ಬರ ಸರ್ವರಿನಲ್ಲಿ, ಅವರ ಗಡಿಯಾರದ ಪ್ರಕಾರ ದಾಖಲಾದ ತಾರೀಖಿನ ತೂಕವೇ ಬೇರೆ. ಜುಲೈ 10 ಅನ್ನೋದು ಫೈಲಿನ ತಾರೀಖು, ಸೆಪ್ಟೆಂಬರ್ 12 ಅನ್ನೋದು ಸರ್ವರಿನ ತಾರೀಖು. ಜಗಳ ಬಂದಾಗ ಗೆದ್ದಿದ್ದು ಎರಡನೇದು.

ಈ ಕಥೆ ಕಿತ್ತೂರಿನ ಜೊತೆ ಮುಗೀಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆಯ ಹತ್ತೊಂಬತ್ತನೇ ಶತಮಾನವನ್ನ ಕಾಗದದ ಜಗಳ ಅಂತಲೇ ಓದಬಹುದು.

ಸಂಗೊಳ್ಳಿ ರಾಯಣ್ಣನನ್ನೇ ತಗೊಳ್ಳಿ. ಅವನ ಮನೆತನಕ್ಕೆ ಕಿತ್ತೂರಿನವರು ಕೊಟ್ಟ ರಕ್ತಮಾನ್ಯದ ಹೊಲ ಇತ್ತು, ಕಂಪನಿ ಸರಕಾರ ಅದನ್ನ ಕಿತ್ತುಕೊಳ್ತು ಅಂತ ನಮ್ಮ ಕಡೆ ಇಂದಿಗೂ ಹೇಳ್ತಾರೆ. ಅವನು ಮತ್ತು ಅವನ ಜೊತೆಗಾರರು ದಂಗೆ ಎದ್ದಾಗ ಸುಟ್ಟಿದ್ದರಲ್ಲಿ ಬೀಡಿಯ ಸರಕಾರಿ ಕಚೇರಿಯೂ ಒಂದು. ಕಚೇರಿ ಅಂದರೆ ಕಂದಾಯದ ಲೆಕ್ಕ ಇರೋ ಜಾಗ. ಹೊಸ ವರ್ಷನ್ನಿನಲ್ಲಿ ತನ್ನ ಹೆಸರು ಇಲ್ಲ ಅಂದಾಗ, ಹಳೇ ವರ್ಷನ್ ತೋರಿಸೋ ದಾರಿಯೂ ಇಲ್ಲದಾಗ, ಮನುಷ್ಯ ಹೊಸದಕ್ಕೆ ಬೆಂಕಿ ಇಡ್ತಾನೆ. 1831ರ ಜನವರಿಯಲ್ಲಿ ನಂದಗಡದಲ್ಲಿ ಅವನನ್ನ ಗಲ್ಲಿಗೇರಿಸಿದರು.

ಇಪ್ಪತ್ತು ವರ್ಷದ ನಂತರ ಇನಾಂ ಕಮಿಷನ್ ಬಂತು. 1852ರ 11ನೇ ಕಾಯ್ದೆ ಅದಕ್ಕೆ ಪೂರ್ತಿ ಬಲ ಕೊಟ್ಟಿತು. ಕಂದಾಯ ಇಲ್ಲದೆ ಜಮೀನು ಅನುಭವಿಸುತ್ತಿದ್ದ ಮನೆತನ, ಮಠ, ದೇವಸ್ಥಾನ ಎಲ್ಲರೂ ತಮ್ಮ ಹಕ್ಕು ಎಲ್ಲಿಂದ ಬಂತು ಅಂತ ಪುರಾವೆ ಕೊಡಬೇಕು. ಸನದು ಎಲ್ಲಿ? ಅದನ್ನ ಕೊಟ್ಟವರಿಗೆ ಕೊಡೋ ಅಧಿಕಾರ ಇತ್ತಾ? ಅಲ್ಲಿಂದ ಇಲ್ಲಿವರೆಗೆ ಅನುಭೋಗ ತಪ್ಪಿಲ್ಲ ಅನ್ನೋಕೆ ಏನಿದೆ? ತಲೆಮಾರುಗಟ್ಟಲೆ ಉಳುಮೆ ಮಾಡಿಸಿಕೊಂಡು ಬಂದವರಲ್ಲಿ ಎಷ್ಟೋ ಜನರ ಹತ್ತಿರ ಕಾಗದವೇ ಇರಲಿಲ್ಲ. ಇದ್ದದ್ದು ಗೆದ್ದಲು ತಿಂದಿತ್ತು, ಮಳೆಗೆ ನೆನೆದಿತ್ತು, ಇಲ್ಲ ಪಾಲಾದಾಗ ಯಾವುದೋ ದಾಯಾದಿಯ ಮನೆ ಸೇರಿತ್ತು.

ಕಮಿಷನ್ ಹತ್ತಿರ ಮಾತ್ರ ಬ್ಯಾಕಪ್ ಇತ್ತು. 1818ರಲ್ಲಿ ಪೇಶ್ವೆಯ ರಾಜ್ಯ ಬಿದ್ದಾಗ ಪುಣೆಯ ದಫ್ತರ ಬ್ರಿಟಿಷರ ಕೈಸೇರಿತ್ತು. ಮೋಡಿ ಲಿಪಿಯ ಸಾವಿರಾರು ರುಮಾಲುಗಳಲ್ಲಿ ಕಟ್ಟಿಟ್ಟ ಹಳೇ ಲೆಕ್ಕ ಅದು. ಊರಿನವನು ತಂದ ಸನದನ್ನ ಈ ದಫ್ತರದ ಲೆಕ್ಕದ ಜೊತೆ ತಾಳೆ ನೋಡುತ್ತಿದ್ದರು. ಅಂದರೆ ನಿಮ್ಮ ಹೊಲದ ಹಳೇ ವರ್ಷನ್ ನಿಮ್ಮ ಹತ್ತಿರ ಇಲ್ಲ, ನಿಮ್ಮ ಮೇಲೆ ತೀರ್ಪು ಕೊಡೋರ ಹತ್ತಿರ ಇದೆ. ಯಾವ ಕಟ್ಟು ಬಿಚ್ಚಬೇಕು, ಯಾವುದು ಬಿಚ್ಚಬಾರದು ಅನ್ನೋದೂ ಅವರ ಇಷ್ಟ.

ಈ ಸಿಟ್ಟು ರಾಮದುರ್ಗದವರೆಗೂ ಬಂತು. ಪಕ್ಕದ ನರಗುಂದದ ಬಾಬಾಸಾಹೇಬನಿಗೆ ದತ್ತು ತಗೊಳ್ಳೋ ಅನುಮತಿ ಸಿಗಲಿಲ್ಲ. ಅಲ್ಲಿ ಪೊಲಿಟಿಕಲ್ ಏಜೆಂಟ್ ಆಗಿದ್ದ ಚಾರ್ಲ್ಸ್ ಮ್ಯಾನ್ಸನ್ ಹಿಂದೆ ಇದೇ ಇನಾಂ ಕಮಿಷನ್ನಿನಲ್ಲಿ ಕೆಲಸ ಮಾಡಿದವನು. 1858ರ ಮೇ ಕೊನೆಗೆ ಅವನು ರಾಮದುರ್ಗಕ್ಕೆ ಬಂದಾಗ, ಅಲ್ಲಿನ ಸಂಸ್ಥಾನಿಕ ತನಗೆ ನರಗುಂದದಿಂದ ಬಂದಿದ್ದ ದಂಗೆಯ ಪತ್ರಗಳನ್ನ ತೆಗೆದು ತೋರಿಸಿದ. ಅವರಿಬ್ಬರೂ ಸಂಬಂಧದಲ್ಲಿ ಅಣ್ಣತಮ್ಮಂದಿರು. ಅಲ್ಲಿಂದ ಹೊರಟ ಮ್ಯಾನ್ಸನ್‌ನನ್ನ ಮೇ 29ರ ರಾತ್ರಿ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ ಕೊಂದರು. ಎರಡೇ ವಾರದಲ್ಲಿ, ಜೂನ್ 12ಕ್ಕೆ, ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲು ಆಯಿತು.

ಇಷ್ಟೆಲ್ಲ ಆದ ಮೇಲೆ ನಮ್ಮ ಕಡೆ ಒಂದು ಒಳ್ಳೆಯ ವ್ಯವಸ್ಥೆ ಬಂತು. ಅದು ಬಂದದ್ದು ಮುಂಬೈ ಇಲಾಖೆಯಿಂದ, 1903ರ ಹಕ್ಕು ದಾಖಲೆ ಕಾಯ್ದೆಯ ಮೂಲಕ. ಊರಲ್ಲಿ ಹೊಲ ಇರೋರಿಗೆ ಅದರ ಎರಡು ಕಾಗದ ಗೊತ್ತೇ ಇರುತ್ತೆ. ಒಂದು ಉತಾರ. ಬೆಂಗಳೂರು ಕಡೆಯವರು ಪಹಣಿ ಅಂತಾರೆ. ಇವತ್ತಿನ ದಿನ ಈ ಸರ್ವೆ ನಂಬರಿನ ಮಾಲೀಕ ಯಾರು, ಎಷ್ಟು ಎಕರೆ ಎಷ್ಟು ಗುಂಟೆ, ಯಾವ ಬ್ಯಾಂಕಿನ ಬೋಜಾ ಇದೆ ಅಂತ ಅದು ಹೇಳುತ್ತೆ. ಇನ್ನೊಂದು ಮ್ಯುಟೇಶನ್ ರಜಿಸ್ಟರ್. ನಮ್ಮ ಮಂದಿ ಅದಕ್ಕೆ ಡೈರಿ ಅಂತಾರೆ. ಅಪ್ಪ ತೀರಿಕೊಂಡರೆ ವಾರಸಾ ಡೈರಿ, ಖರೀದಿ ಆದರೆ ಅದಕ್ಕೊಂದು, ಅಣ್ಣತಮ್ಮ ಪಾಲಾದರೆ ಇನ್ನೊಂದು. ಪ್ರತಿಯೊಂದಕ್ಕೂ ನಂಬರು, ತಾರೀಖು, ಏನು ಬದಲಾಯಿತು ಅನ್ನೋ ಒಕ್ಕಣೆ, ಅಧಿಕಾರಿಯ ಸಹಿ. ಹಳೇ ನೋಂದಣಿಯನ್ನ ಅಳಿಸೋ ಹಾಗಿಲ್ಲ. ತಪ್ಪಿದ್ದರೆ ಹೊಸ ನಂಬರು ಹಾಕಿ ತಿದ್ದಬೇಕು. ಆ ನಂಬರು ಉತಾರದಲ್ಲಿ ಮಾಲೀಕನ ಹೆಸರಿನ ಪಕ್ಕ ಬಂದು ಕೂರುತ್ತೆ.

2005ರಲ್ಲಿ ಗಿಟ್ ಬಂತು. ಬದಲಾವಣೆಗೆ ಒಂದು ಗುರುತು, ಮಾಡಿದವರ ಹೆಸರು, ತಾರೀಖು, ಒಂದು ಸಾಲಿನ ಕಾರಣ. ಡೈರಿ ನೋಡಿ ಬೆಳೆದ ನಮ್ಮಂಥವರಿಗೆ ಅದರಲ್ಲಿ ಹೊಸದೇನೂ ಕಾಣಬಾರದು.

ಬ್ಯಾಕಪ್ ಸಾಫ್ಟ್‌ವೇರ್‌ಗಳೂ ಇವೆರಡರ ನಡುವೆಯೇ ಓಡಾಡ್ತವೆ. ದಿನಾಲೂ ಎಲ್ಲ ಫೈಲನ್ನೂ ಪೂರ್ತಿ ನಕಲು ಮಾಡಿಟ್ಟರೆ ಅದು ಪ್ರತಿ ವರ್ಷದ ಉತಾರ ತೆಗೆಸಿಟ್ಟ ಹಾಗೆ. ಓದೋಕೆ ಸುಲಭ, ಜಾಗ ಮಾತ್ರ ಬಹಳ ತಿನ್ನುತ್ತೆ. ಬದಲಾದದ್ದನ್ನ ಮಾತ್ರ ಇಟ್ಟರೆ ಅದು ಡೈರಿ. ಜಾಗ ಕಡಿಮೆ, ಆದರೆ ನಡುವಿನ ಒಂದು ಹಾಳೆ ಹರಿದರೆ ಮುಂದಿನ ಲೆಕ್ಕ ತಪ್ಪುತ್ತೆ. ಇವತ್ತಿನ ಹೆಚ್ಚಿನ ಸಾಫ್ಟ್‌ವೇರ್‌ಗಳು ಎರಡನ್ನೂ ಬೆರೆಸಿವೆ. ಬದಲಾಗದ ಫೈಲನ್ನ ಮತ್ತೆ ನಕಲು ಮಾಡಲ್ಲ, ಆದರೆ ಯಾವ ದಿನದ ಚಿತ್ರ ಕೇಳಿದರೂ ಪೂರ್ತಿ ತೋರಿಸ್ತವೆ. ಆಪಲ್‌ನ ಟೈಮ್ ಮಷೀನ್ ಹಿಂದಿನ 24 ಗಂಟೆಗೆ ಗಂಟೆಗೊಂದು, ಹಿಂದಿನ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಕ್ಕೆ ವಾರಕ್ಕೊಂದು ಪ್ರತಿ ಇಡುತ್ತೆ. ಡಿಸ್ಕ್ ತುಂಬಿದಾಗ ಅತಿ ಹಳೇದನ್ನ ಬಿಸಾಡುತ್ತೆ. ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ ಇದೆ, ನಾವೇ ಆನ್ ಮಾಡಬೇಕು.

ಇದೆಲ್ಲ ಯಾಕೆ, ಎಲ್ಲ ಕ್ಲೌಡ್‌ನಲ್ಲಿ ಇದೆಯಲ್ಲ ಅನ್ನಬಹುದು. ಕ್ಲೌಡ್ ಸಿಂಕ್ ಕೊಡೋದು ಉತಾರ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತೆ, ಇಲ್ಲಿ ವೈರಸ್ ಬಂದು ಫೈಲು ಲಾಕ್ ಆದರೆ ಲಾಕ್ ಆದದ್ದೇ ಅಲ್ಲಿಗೂ ಹೋಗುತ್ತೆ. ಡೈರಿ ಸ್ವಲ್ಪ ಕಾಲ ಮಾತ್ರ ಇರುತ್ತೆ. ಗೂಗಲ್ ಡ್ರೈವ್‌ಗೆ ಹಾಕಿದ ಪಿಡಿಎಫ್‌ನ ಹಳೇ ವರ್ಷನ್‌ಗಳು, ಶಾಶ್ವತವಾಗಿ ಇಡು ಅಂತ ನೀವು ಹೇಳದಿದ್ದರೆ, 30 ದಿನ ಅಥವಾ 100 ಹೊಸ ವರ್ಷನ್ ಆದ ಮೇಲೆ ಹೋಗಿಬಿಡಬಹುದು. ಹೊಲದ ತಕರಾರು 30 ದಿನದಲ್ಲಿ ಏಳೋದಿಲ್ಲ. ಮೂವತ್ತು ವರ್ಷ ಬಿಟ್ಟು, ಮೊಮ್ಮಕ್ಕಳು ಮಾರೋಕೆ ಹೊರಟಾಗ ಏಳುತ್ತೆ.

ಹಳೇದನ್ನ ಇಟ್ಟುಕೊಂಡರೆ ಸಾಕಾ? ಹುಡುಕೋಕೂ ಬರಬೇಕು. ಇದನ್ನ ಕಲಿಯೋಕೆ ನಮ್ಮ ನಾಲ್ಕು ತಾಲೂಕಿಗಿಂತ ಒಳ್ಳೆಯ ಪಾಠ ಬೇರೆ ಬೇಡ. ಇವತ್ತಿನ ಬೈಲಹೊಂಗಲ ತಾಲೂಕು ಹಳೇ ಕಾಗದದಲ್ಲಿ ಸಂಪಗಾವಿ ತಾಲೂಕು. ಸವದತ್ತಿ ತಾಲೂಕು ಅಲ್ಲಿ ಪರಸಗಡ ತಾಲೂಕು. ಕಿತ್ತೂರು ಬೇರೆ ತಾಲೂಕಾಗಿದ್ದು ಮೊನ್ನೆ ಮೊನ್ನೆ, ಅದರ ಹಳೇ ಲೆಕ್ಕ ಸಂಪಗಾವಿ, ಬೈಲಹೊಂಗಲದ ಹೆಸರಲ್ಲಿ. ರಾಮದುರ್ಗ 1948ರವರೆಗೂ ಬೇರೆಯೇ ಸಂಸ್ಥಾನ, ಅದರ ದಫ್ತರವೂ ಬೇರೆ. ಮೇಲಿನ ಹೆಸರು ಮುಂಬೈನಿಂದ 1956ಕ್ಕೆ ಮೈಸೂರು, 1973ಕ್ಕೆ ಕರ್ನಾಟಕ ಆಯಿತು. ಹೊಲ ಇದ್ದಲ್ಲೇ ಇದೆ, ಫೋಲ್ಡರಿನ ಹೆಸರು ಬದಲಾಗ್ತಾ ಹೋಗಿದೆ. ಹಳೇ ಹೆಸರು ಗೊತ್ತಿಲ್ಲದವನು ತನ್ನದೇ ಅಜ್ಜನ ಕಾಗದವನ್ನ ಎದುರಿಗಿಟ್ಟುಕೊಂಡು ಇದು ನಮ್ಮದಲ್ಲ ಅಂತ ಬಿಡ್ತಾನೆ.

ಲಿಪಿಯದ್ದೂ ಇದೇ ಹಾಡು. ಮೋಡಿ ಓದೋರು ಈಗ ಬೆರಳೆಣಿಕೆಯಷ್ಟು. ಕಾಗದ ಗಟ್ಟಿಮುಟ್ಟಾಗಿದ್ದರೂ ಓದೋರಿಲ್ಲದಿದ್ದರೆ ಅದು ಕೆಟ್ಟ ಡಿಸ್ಕಿಗೆ ಸಮ. ನಾವು 2000ದ ಸುಮಾರಿಗೆ ಕನ್ನಡದಲ್ಲಿ ಟೈಪ್ ಮಾಡಿಟ್ಟ ಎಷ್ಟೋ ಫೈಲುಗಳೂ ಆ ದಾರಿ ಹಿಡಿದಿವೆ. ಯೂನಿಕೋಡ್‌ಗೆ ಮೊದಲಿನ ಫಾಂಟ್ ಇಲ್ಲದಿದ್ದರೆ ತೆರೆದಾಗ ಬರೀ ಕಸ ಕಾಣುತ್ತೆ.

ಈಗ ಭೂಮಿ ಯೋಜನೆಗೆ ಬನ್ನಿ. 2000ದ ಆಚೀಚೆ ಕರ್ನಾಟಕ ಸರಕಾರ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನ ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಸಾರಿತು. ಶಾನುಭೋಗ, ತಲಾಟಿಗಳ ಕೈಕಾಲು ಹಿಡಿಯೋದು ಕಡಿಮೆ ಆಯಿತು, ಅದು ದೊಡ್ಡ ಉಪಕಾರವೇ. ಆದರೆ ಟೈಪ್ ಮಾಡುವಾಗ ಹೆಸರು, ಗುಂಟೆ ತಪ್ಪಿದ ಕಡೆ, ತಪ್ಪು ಅಂತ ತೋರಿಸೋಕೆ ಬೇಕಾದದ್ದು ಆ ಬೆಲೆ ಇಲ್ಲದ ಕೈಬರಹದ ಹಾಳೆಯೇ. ಅದು ಹೊಸದಕ್ಕೆ ಸಾಕ್ಷಿ. ಅದನ್ನ ಇಟ್ಟುಕೊಂಡವರ ತಿದ್ದುಪಡಿ ಅರ್ಜಿಗೆ ಕಾಲಿತ್ತು. ಕಂಪ್ಯೂಟರ್ ಬಂತಲ್ಲ ಅಂತ ರದ್ದಿಗೆ ಹಾಕಿದವರು ಕಚೇರಿಯ ಹಳೇ ಕಡತ ಸಿಗುವವರೆಗೆ ಅಲೆದಾಡಬೇಕು. 1852ರಲ್ಲಿ ಆದದ್ದೂ ಇದೇ ತಾನೆ?

ಬರುವ ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕು ಇಳಿಸಿ. ಈ ವರ್ಷದ ಉತಾರ ಯಾವಾಗ ಬೇಕಾದರೂ ಮೊಬೈಲಿನಲ್ಲೇ ಸಿಗುತ್ತೆ, ಅದನ್ನ ಬಿಡಿ. ಹಳೇ ಉತಾರ, ಡೈರಿ ನಕಲು, ಖರೀದಿ ಪತ್ರ, ವಾಟ್ನಿ ಪತ್ರ, ಕಂದಾಯ ಕಟ್ಟಿದ ಚೀಟಿ ಇವನ್ನ ಸ್ಕ್ಯಾನ್ ಮಾಡಿ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸೋದು ಸಾಲದು. ಅದು ಚಿತ್ರವನ್ನ ಕುಗ್ಗಿಸುತ್ತೆ, ತೆಗೆದ ತಾರೀಖಿನ ಮಾಹಿತಿಯನ್ನೂ ಕಳಚಿಬಿಡುತ್ತೆ. ಫೈಲಿನ ಹೆಸರಲ್ಲಿ ಸರ್ವೆ ನಂಬರು, ಕಾಗದದ ವರ್ಷ, ಹಳೇ ತಾಲೂಕಿನ ಹೆಸರು ಮೂರೂ ಇರಲಿ. ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಬೇರೆ ಊರಲ್ಲಿ ಅನ್ನೋ ಲೆಕ್ಕ ಬ್ಯಾಕಪ್ ಮಾಡೋರಿಗೆಲ್ಲ ಗೊತ್ತು. ಆ ಬೇರೆ ಊರಿನ ಪ್ರತಿ ನಿಮ್ಮ ತಂಗಿಯ ಮನೆಯಲ್ಲಿ ಇರಲಿ. ಹೆಣ್ಣುಮಕ್ಕಳಿಗೂ ಅದರಲ್ಲಿ ಹಕ್ಕಿದೆ, ಮತ್ತು ಎರಡು ಮನೆಯಲ್ಲಿರೋ ಕಾಗದವನ್ನ ಒಂದು ಮನೆಯವರು ತಿದ್ದೋಕೆ ಆಗಲ್ಲ.

ಆಮೇಲೆ ವರ್ಷಕ್ಕೊಂದು ಸಲ ಪರೀಕ್ಷೆ ಮಾಡಿ. ಯಾವುದೋ ಒಂದು ಫೈಲಿನ ಆರು ತಿಂಗಳ ಹಿಂದಿನ ವರ್ಷನ್ ತೆಗೆದು ನೋಡಿ. ತೆರೆದರೆ ನಿಮ್ಮ ಹತ್ತಿರ ಬ್ಯಾಕಪ್ ಇದೆ. ತೆರೀಲಿಲ್ಲ ಅಂದರೆ ಈಗಲೇ ಗೊತ್ತಾಗಿದ್ದು ಒಳ್ಳೇದಾಯಿತು, ಸರಿ ಮಾಡಿಕೊಳ್ಳೋಕೆ ಇನ್ನೂ ಟೈಮ್ ಇದೆ.